ತೆರೆಯ ಮೇಲೆ ಅಂಗವಿಕಲತೆ: ಸಿನಿಮಾ, ಕಥೆ ಮತ್ತು ಕಳಂಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಿನಿಮಾ ಪ್ರದರ್ಶನ ಮುಗಿದು ದೀಪ ಹತ್ತಿದ ಮೇಲೆ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ. ಕೆಲವನ್ನು ಮೈಕ್ ಹಿಡಿದು ಕೇಳುತ್ತಾರೆ. ಕೆಲವನ್ನು ಎಲ್ಲರೂ ಹೋದ ಮೇಲೆ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಕೇಳುತ್ತಾರೆ. ಎರಡನ್ನೂ ಇಲ್ಲಿ ಸೇರಿಸಿದ್ದೇನೆ. ಎಲ್ಲ ಉತ್ತರಗಳೂ ಒಂದೇ ಅಳತೆಯಲ್ಲಿ ಇಲ್ಲ, ಯಾಕಂದ್ರೆ ಎಲ್ಲ ಪ್ರಶ್ನೆಗಳೂ ಒಂದೇ ತೂಕದವಲ್ಲ.

ಕಳಂಕ ಅಂತ ಹೇಳ್ತೀರಲ್ಲ, ಹಾಗಂದ್ರೆ ಏನು? ಯಾರೂ ಯಾರನ್ನೂ ಬೈಯುತ್ತಿಲ್ಲವಲ್ಲ?

ಬೈದರೆ ಗೊತ್ತಾಗುತ್ತದೆ, ತಿರುಗಿ ಬೈಯಬಹುದು. ಕಳಂಕ ಅಷ್ಟು ಸದ್ದು ಮಾಡುವುದಿಲ್ಲ. ಒಂದು ದೃಶ್ಯ ನೋಡಿ. ವೀಲ್‌ಚೇರ್‌ನಲ್ಲಿರುವ ಹೆಂಗಸು ಕೌಂಟರಿನಲ್ಲಿ ತನ್ನ ಪರ್ಸಿನಿಂದ ನೋಟು ತೆಗೆದು ಕೊಡುತ್ತಾಳೆ. ಕೌಂಟರಿನವನು ಚಿಲ್ಲರೆಯನ್ನು ಅವಳ ಹಿಂದೆ ನಿಂತಿರುವ ಗಂಡಸಿನ ಕೈಗೆ ಕೊಡುತ್ತಾನೆ. ಕೊಡುವಾಗ ನಗುತ್ತಲೇ ಕೊಡುತ್ತಾನೆ. ಅವನಲ್ಲಿ ದ್ವೇಷ ಇಲ್ಲ. ಅವಳು ಲೆಕ್ಕಕ್ಕೆ ಬರುವ ಮನುಷ್ಯಳು ಅಂತ ಅವನಿಗೆ ಹೊಳೆದಿಲ್ಲ, ಅಷ್ಟೇ.

ಸಮಾಜಶಾಸ್ತ್ರಜ್ಞ ಎರ್ವಿಂಗ್ ಗಾಫ್‌ಮನ್ 1963ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ಇಂಗ್ಲಿಷಿನ 'ಸ್ಟಿಗ್ಮಾ' ಪದ ಗ್ರೀಕರಿಂದ ಬಂದದ್ದು, ಗುಲಾಮರ ಮತ್ತು ಅಪರಾಧಿಗಳ ಮೈಮೇಲೆ ಹಾಕುತ್ತಿದ್ದ ಗುರುತಿನ ಹೆಸರು ಅದು ಎಂದು ಅದರ ಆರಂಭದಲ್ಲೇ ನೆನಪಿಸುತ್ತಾರೆ. ಈಗ ಯಾರೂ ಬರೆ ಹಾಕುವುದಿಲ್ಲ. ಆದರೆ ಗುರುತು ಕಂಡ ತಕ್ಷಣ ಆ ಮನುಷ್ಯನ ಉಳಿದದ್ದೆಲ್ಲ ಮರೆಯಾಗುವುದು ಹಾಗೇ ಉಳಿದಿದೆ.

ಇದು ಎಷ್ಟು ಜನರ ವಿಷಯ?

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 130 ಕೋಟಿ ಜನ. ಅಂದರೆ ಲೋಕದ ಜನಸಂಖ್ಯೆಯ ಶೇ 16, ಆರು ಜನರಲ್ಲಿ ಒಬ್ಬರು. ಈಗ ತೆರೆಯ ಮೇಲಿನ ಲೆಕ್ಕ ನೋಡಿ. 2015ರಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಗಳಿಸಿದ 100 ಸಿನಿಮಾಗಳನ್ನು ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಎಣಿಸಿತು. ಮಾತಿರುವ ಪಾತ್ರಗಳಲ್ಲಿ ಅಂಗವಿಕಲರು ಶೇ 2.4 ಮಾತ್ರ. ಆರು ಜನರಲ್ಲಿ ಒಬ್ಬರು ಎಲ್ಲಿ, ನಲವತ್ತರಲ್ಲಿ ಒಬ್ಬರು ಎಲ್ಲಿ!

ಒಂದು ಸಿನಿಮಾ ನೋಡಿದರೆ ಜನರ ಮನಸ್ಸು ಬದಲಾಗುತ್ತಾ, ನಿಜ ಹೇಳಿ?

ಒಂದು ಸಿನಿಮಾದಿಂದ? ಸಾಮಾನ್ಯವಾಗಿ ಇಲ್ಲ. ಕಣ್ಣೀರು ಬರುತ್ತದೆ, ಹೊರಗೆ ಬಂದ ಮೇಲೆ ಪಾರ್ಕಿಂಗ್ ಗಲಾಟೆಯಲ್ಲಿ ಅದು ಒಣಗುತ್ತದೆ. ಆದರೆ ಕಥೆಗಳು ಮತ್ತೆ ಮತ್ತೆ ಬಂದಾಗ ಏನೋ ಆಗುತ್ತದೆ, ಅದಕ್ಕೆ ಕಾರಣವೂ ಇದೆ.

ಮನಶ್ಶಾಸ್ತ್ರಜ್ಞ ಗಾರ್ಡನ್ ಆಲ್‌ಪೋರ್ಟ್ 1954ರಲ್ಲಿ ಹೇಳಿದ ಮಾತು ಈಗಲೂ ಬಳಕೆಯಲ್ಲಿದೆ. ಎರಡು ಗುಂಪಿನ ಜನ ಸಮಾನರಾಗಿ, ಒಂದೇ ಕೆಲಸಕ್ಕಾಗಿ ಬೆರೆತರೆ ಪೂರ್ವಗ್ರಹ ಕಡಿಮೆಯಾಗುತ್ತದೆ ಎಂದರು ಅವರು. ಇಲ್ಲಿ 'ಸಮಾನರಾಗಿ' ಅನ್ನುವುದೇ ಮುಖ್ಯ. ದಾನ ಕೊಡುವವರು, ದಾನ ಪಡೆಯುವವರು ಎಷ್ಟು ಸಲ ಭೇಟಿಯಾದರೂ ಆ ಲಾಭ ಸಿಗುವುದಿಲ್ಲ. 2005ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇದನ್ನು ತೆರೆಗೂ ಅನ್ವಯಿಸಿದರು. ಟಿವಿಯ ಪಾತ್ರವನ್ನು ವಾರವಾರ ನೋಡುತ್ತಾ ನೋಡುತ್ತಾ ಅವರು ನಮ್ಮ ಪರಿಚಯದವರಂತೆ ಆಗುತ್ತಾರಲ್ಲ, ಆ ಪರಿಚಯವೂ ಪೂರ್ವಗ್ರಹವನ್ನು ತಗ್ಗಿಸಬಲ್ಲದು ಎಂದರು. ಹಾಗಾಗಿ ನನಗೆ ಎರಡು ಗಂಟೆಯ ಭಾರಿ ಸಿನಿಮಾಕ್ಕಿಂತ ಧಾರಾವಾಹಿಯಲ್ಲಿ ಪಕ್ಕದ ಮನೆಯವಳಾಗಿ ಬಂದು, ಬಾಡಿಗೆ ವಿಷಯಕ್ಕೆ ಜಗಳ ಆಡಿ ಹೋಗುವ ಕಿವುಡ ಹೆಂಗಸಿನ ಮೇಲೆ ಜಾಸ್ತಿ ನಂಬಿಕೆ.

ಅಪರೂಪಕ್ಕೆ ಒಂದೇ ಸಿನಿಮಾ ದೊಡ್ಡ ಕೆಲಸ ಮಾಡಿದ್ದೂ ಉಂಟು. ದಕ್ಷಿಣ ಕೊರಿಯಾದಲ್ಲಿ ಕಿವುಡ ಮಕ್ಕಳ ಒಂದು ಶಾಲೆಯಲ್ಲಿ ಸಿಬ್ಬಂದಿಯೇ ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ದರು. ತಪ್ಪಿತಸ್ಥರಿಗೆ ಸಿಕ್ಕಿದ್ದು ತೀರಾ ಹಗುರವಾದ ಶಿಕ್ಷೆ. ಆ ಪ್ರಕರಣದ ಮೇಲೆ 2009ರಲ್ಲಿ ಕಾದಂಬರಿ ಬಂತು, 2011ರ ಸೆಪ್ಟೆಂಬರಿನಲ್ಲಿ 'ದೋಗಾನಿ' ಎಂಬ ಸಿನಿಮಾ ಬಂತು. 40 ಲಕ್ಷಕ್ಕೂ ಹೆಚ್ಚು ಜನ ನೋಡಿದರು. ದೇಶವೇ ಸಿಟ್ಟಿಗೆದ್ದಿತು. ಪೊಲೀಸರು ಮತ್ತೆ ತನಿಖೆ ಶುರುಮಾಡಿದರು, ಶಾಲೆ ಮುಚ್ಚಿತು. ಅಕ್ಟೋಬರ್ ಮುಗಿಯುವುದರೊಳಗೆ ಸಂಸತ್ತು ಕಾನೂನನ್ನೇ ತಿದ್ದಿತು. ಮಕ್ಕಳ ಮತ್ತು ಅಂಗವಿಕಲ ಹೆಣ್ಣುಮಕ್ಕಳ ಮೇಲಿನ ಇಂಥ ಅಪರಾಧಗಳಿಗೆ ಕಾಲಮಿತಿ ಇಲ್ಲ ಎಂದಾಯಿತು. ಜನ ಆ ಕಾನೂನನ್ನು ಈಗಲೂ ಸಿನಿಮಾದ ಹೆಸರಿನಿಂದಲೇ ಕರೆಯುತ್ತಾರೆ.

ಆದರೆ ಒಂದು ಮಾತು. ಆ ಸಿನಿಮಾ ಕಾನೂನು ಬದಲಿಸಿತು. ಕಿವುಡರು ಅಂದ್ರೆ ಪಾಪ, ಅಸಹಾಯಕರು ಅನ್ನುವ ಭಾವನೆಯನ್ನೂ ಬದಲಿಸಿತಾ? ಅದು ಬೇರೆ ಕೆಲಸ. ಅದಕ್ಕೆ ಬೇರೆ ಥರದ ಕಥೆ ಬೇಕು.

ಹಳೆಯ ಸಿನಿಮಾಗಳಲ್ಲಿ ಏನು ತಪ್ಪಿತ್ತು?

ಹಳೆಯವು ಅಂತ ಯಾಕೆ ಹೇಳಬೇಕು, ಹೋದ ವಾರ ನೋಡಿದ್ದರಲ್ಲೂ ಇರಬಹುದು. ಮುಖದ ಮೇಲೆ ಗಾಯದ ಗುರುತಿದ್ದರೆ ಖಳನಾಯಕ. ಕಣ್ಣು ಕಾಣದವನಾದರೆ ಸಂತ, ಇಲ್ಲವೇ ಎಲ್ಲ ತಿಳಿದ ಅಜ್ಜ. ನಡೆಯಲಾರದ ತಂಗಿ ಇದ್ದಾಳೆ ಅಂದ್ರೆ ನಾಯಕನ ಒಳ್ಳೆಯತನ ತೋರಿಸಲು ಇದ್ದಾಳೆ ಅಂತಲೇ ಅರ್ಥ. ಕ್ಲೈಮ್ಯಾಕ್ಸಿನಲ್ಲಿ ಎರಡರಲ್ಲಿ ಒಂದಾಗಬೇಕು: ಅವಳು ಎದ್ದು ನಡೆಯಬೇಕು, ಇಲ್ಲ ಸಾಯಬೇಕು. ಹಾಗೇ ಇದ್ದುಕೊಂಡು, ಮದುವೆಯಾಗಿ, ಕೆಲಸಕ್ಕೆ ಹೋಗಿ, ಅತ್ತಿಗೆಯ ಜೊತೆ ಮುನಿಸಿಕೊಂಡು ಬದುಕುವ ದಾರಿ ಮಾತ್ರ ಚಿತ್ರಕಥೆಯಲ್ಲಿ ಇರುವುದಿಲ್ಲ.

ಗಾಯದ ಮುಖದ ವಿಷಯದಲ್ಲಿ ಒಂದು ಒಳ್ಳೆಯ ಬೆಳವಣಿಗೆ ಆಯಿತು. ಬ್ರಿಟನ್ನಿನ 'ಚೇಂಜಿಂಗ್ ಫೇಸಸ್' ಸಂಸ್ಥೆ 'ನಾನು ನಿಮ್ಮ ಖಳನಾಯಕ ಅಲ್ಲ' ಎಂಬ ಅಭಿಯಾನ ನಡೆಸಿತು. 2018ರಲ್ಲಿ ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಅದನ್ನು ಬೆಂಬಲಿಸಿ, ಗಾಯದ ಗುರುತನ್ನು ಕೆಟ್ಟತನದ ಗುರುತಾಗಿ ತೋರಿಸುವ ಸಿನಿಮಾಗಳಿಗೆ ಹಣ ಕೊಡುವುದಿಲ್ಲ ಎಂದಿತು. ಇಷ್ಟಾದರೂ 2020ರಲ್ಲಿ ಹಾಲಿವುಡ್‌ನ ಒಂದು ಮಕ್ಕಳ ಸಿನಿಮಾದಲ್ಲಿ ಮಾಟಗಾತಿಯರಿಗೆ ಕೈಬೆರಳು ಕಡಿಮೆ ಇರುವ ಹಾಗೆ ವಿನ್ಯಾಸ ಮಾಡಿದರು. ಹುಟ್ಟಿನಿಂದಲೇ ಅಂಥ ಕೈ ಇರುವವರು 'ಇದು ನಮ್ಮ ಕೈ' ಎಂದು ತಮ್ಮ ಫೋಟೊ ಹಾಕಿ ಪ್ರತಿಭಟಿಸಿದರು. ಸ್ಟುಡಿಯೊ ಕ್ಷಮೆ ಕೇಳಬೇಕಾಯಿತು. ನೂರಾರು ಜನ ಕೆಲಸ ಮಾಡುವ ಸೆಟ್ಟಿನಲ್ಲಿ ಅಂಥ ಕೈ ಇರುವ ಒಬ್ಬರು ಇದ್ದಿದ್ದರೆ ಮೊದಲ ದಿನವೇ ಹೇಳುತ್ತಿದ್ದರು, ಅಲ್ವಾ?

ಸ್ಫೂರ್ತಿ ಕೊಡುವ ಕಥೆ ಹೇಳಿದರೆ ತಪ್ಪೇನು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವಾಗ ಸ್ವಲ್ಪ ಬೇಜಾರೂ ಇರುತ್ತದೆ, ಒಳ್ಳೆಯದು ಮಾಡಿದರೂ ತಪ್ಪಾ ಅಂತ.

ಆಸ್ಟ್ರೇಲಿಯಾದ ಪತ್ರಕರ್ತೆ, ಹಾಸ್ಯ ಕಲಾವಿದೆ ಸ್ಟೆಲ್ಲಾ ಯಂಗ್ 2014ರಲ್ಲಿ ಒಂದು ಭಾಷಣ ಮಾಡಿದರು. ಅವರು ವೀಲ್‌ಚೇರ್ ಬಳಸುತ್ತಿದ್ದರು. ಹದಿನೈದು ವರ್ಷವಿದ್ದಾಗ ಊರಿನವರೊಬ್ಬರು ಬಂದು 'ನಿಮ್ಮ ಮಗಳಿಗೆ ಸಾಧಕಿ ಪ್ರಶಸ್ತಿ ಕೊಡೋಣ' ಎಂದರಂತೆ. ಅಪ್ಪ ಅಮ್ಮನಿಗೆ ಅಚ್ಚರಿ. ಅವಳು ಅಂಥದ್ದೇನೂ ಸಾಧಿಸಿಲ್ಲವಲ್ಲ ಎಂದರಂತೆ. ಶಾಲೆಗೆ ಹೋಗುತ್ತಿದ್ದಳು, ಟಿವಿ ನೋಡುತ್ತಿದ್ದಳು, ಎಲ್ಲ ಮಕ್ಕಳ ಹಾಗೆ. ಬೆಳಿಗ್ಗೆ ಎದ್ದು ತನ್ನ ಹೆಸರು ನೆನಪಿಟ್ಟುಕೊಂಡದ್ದಕ್ಕೇ ಚಪ್ಪಾಳೆ ತಟ್ಟುವವರ ಬಗ್ಗೆ ಅವರು ನಗುತ್ತಲೇ ಚುಚ್ಚಿದರು. ಮೆಟ್ಟಿಲುಗಳನ್ನು ನೋಡಿ ಎಷ್ಟು ನಕ್ಕರೂ ಅವು ರ್‍ಯಾಂಪ್ ಆಗುವುದಿಲ್ಲ ಎಂಬ ಅವರ ಮಾತು ಆಮೇಲೆ ಬಹಳ ಕಡೆ ಓಡಾಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು.

ತೊಂದರೆ ಇರುವುದು ಇಲ್ಲಿ. ಸ್ಫೂರ್ತಿಯ ವಿಡಿಯೊ ಯಾರಿಗಾಗಿ? 'ಇವರನ್ನು ನೋಡಿದರೆ ನನ್ನ ಕಷ್ಟ ಏನೂ ಅಲ್ಲ' ಅಂತ ನೋಡುಗನಿಗೆ ಹಗುರಾಗಲಿ ಎಂದು ಮಾಡಿದ್ದಾದರೆ, ಅಲ್ಲಿರುವ ಮನುಷ್ಯ ಬರೀ ಸಾಮಗ್ರಿ. ಇನ್ನೊಂದು ತೊಂದರೆ, ಬೆಟ್ಟ ಹತ್ತಿದವನ ಕಥೆ ನೋಡಿದವರು ಬೆಟ್ಟ ಹತ್ತದವನನ್ನು 'ನೀನು ಪ್ರಯತ್ನ ಪಡ್ತಾ ಇಲ್ಲ' ಅನ್ನಲು ಶುರುಮಾಡುತ್ತಾರೆ. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಸಮಯದಲ್ಲಿ ಬ್ರಿಟನ್ನಿನ ಚಾನೆಲ್ 4 ಕ್ರೀಡಾಪಟುಗಳನ್ನು 'ಅತಿಮಾನುಷರು' ಎಂದು ಕರೆದು ಒಂದು ಜಾಹೀರಾತು ಚಿತ್ರ ಮಾಡಿತು. ಸೊಗಸಾಗಿತ್ತು, ಪ್ರಶಸ್ತಿಗಳೂ ಬಂದವು. ಆದರೆ ಅನೇಕ ಅಂಗವಿಕಲರು ಕೇಳಿದರು: ನಾವು ಸುಮ್ನೆ ಮನುಷ್ಯರಾಗಿರಬಾರದಾ?

ಸಾಧನೆಯ ಕಥೆ ಹೇಳಿ. ಸಾಧನೆ ನಿಜಕ್ಕೂ ಸಾಧನೆಯಾಗಿದ್ದರೆ. ಚಿನ್ನದ ಪದಕ ಸಾಧನೆ. ಬಸ್ ಹತ್ತಿ ಕೆಲಸಕ್ಕೆ ಹೋಗುವುದು ಸಾಧನೆ ಅನ್ನಿಸಿದರೆ ಬಸ್ಸನ್ನು ತೋರಿಸಿ, ಅದರ ಮೆಟ್ಟಿಲು ಎಷ್ಟು ಎತ್ತರ ಇದೆ ಅಂತ.

ಅಂಗವಿಕಲರಲ್ಲದ ನಟರು ಆ ಪಾತ್ರ ಮಾಡಲೇಬಾರದಾ? ನಟನೆ ಅಂದ್ರೆ ಬೇರೆಯವರಾಗುವುದೇ ತಾನೇ?

ತತ್ವದಲ್ಲಿ ಒಪ್ಪುತ್ತೇನೆ. ಆದರೆ ಬೇರೆಯವರಾಗುವ ಅವಕಾಶ ಒಂದೇ ಕಡೆಯವರಿಗೆ ಸಿಗುತ್ತಿದೆ. ಅಮೆರಿಕದ ರುಡರ್‌ಮನ್ ಫೌಂಡೇಶನ್ 2016ರಲ್ಲಿ ಜನಪ್ರಿಯ ಟಿವಿ ಕಾರ್ಯಕ್ರಮಗಳನ್ನು ನೋಡಿ ಲೆಕ್ಕ ಹಾಕಿತು. ಅಂಗವಿಕಲ ಪಾತ್ರಗಳಲ್ಲಿ ಶೇ 95ಕ್ಕೂ ಹೆಚ್ಚನ್ನು ಅಂಗವಿಕಲರಲ್ಲದವರೇ ಮಾಡುತ್ತಿದ್ದರು. ಗಾಲಿಕುರ್ಚಿಯ ನಟನಿಗೆ ವಕೀಲನ ಪಾತ್ರವೂ ಇಲ್ಲ, ಗಾಲಿಕುರ್ಚಿಯವನ ಪಾತ್ರವೂ ಇಲ್ಲ.

ಹೆರಾಲ್ಡ್ ರಸೆಲ್ ಅವರ ಕಥೆ ಕೇಳಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯದ ತರಬೇತಿಯಲ್ಲಿ ಸ್ಫೋಟಕ ಸಿಡಿದು ಎರಡೂ ಕೈ ಕಳೆದುಕೊಂಡರು. 1946ರ ಒಂದು ಸಿನಿಮಾದಲ್ಲಿ ಯುದ್ಧದಿಂದ ಮನೆಗೆ ಮರಳುವ ನಾವಿಕನಾಗಿ, ತಮ್ಮದೇ ಲೋಹದ ಕೊಕ್ಕೆ ಕೈಗಳಲ್ಲಿ ನಟಿಸಿದರು. ಗೆಲ್ಲಲಾರರು ಎಂದುಕೊಂಡು ಅಕಾಡೆಮಿ ಅವರಿಗೆ ಒಂದು ಗೌರವ ಆಸ್ಕರ್ ಕೊಟ್ಟಿತು. ಅದೇ ರಾತ್ರಿ ಪೋಷಕ ನಟ ಆಸ್ಕರನ್ನೂ ಅವರೇ ಗೆದ್ದರು. ಒಂದೇ ಪಾತ್ರಕ್ಕೆ ಎರಡು ಆಸ್ಕರ್ ಪಡೆದವರು ಅವರೊಬ್ಬರೇ. ಆಮೇಲೆ? ಸಿನಿಮಾದಲ್ಲಿ ಮತ್ತೆ ಅವರು ಕಾಣಿಸಿಕೊಂಡದ್ದು 1980ರಲ್ಲಿ. ಎರಡು ಪ್ರತಿಮೆ ಕಪಾಟಿನಲ್ಲಿ, ಮೂವತ್ತಕ್ಕೂ ಹೆಚ್ಚು ವರ್ಷ ಪಾತ್ರ ಇಲ್ಲ.

ಕಿವುಡ ನಟಿ ಮಾರ್ಲೀ ಮ್ಯಾಟ್ಲಿನ್ 1987ರಲ್ಲಿ, 21ನೇ ವಯಸ್ಸಿನಲ್ಲಿ ಅತ್ಯುತ್ತಮ ನಟಿ ಆಸ್ಕರ್ ಗೆದ್ದರು. ಮುಂದಿನ ಕಿವುಡ ಕಲಾವಿದ, ಟ್ರಾಯ್ ಕಾಟ್ಸರ್, ನಟನೆಗೆ ಆಸ್ಕರ್ ಪಡೆದದ್ದು 2022ರಲ್ಲಿ. ನಡುವೆ 35 ವರ್ಷ. 1996ರ ಕಾನ್ ಚಿತ್ರೋತ್ಸವದಲ್ಲಿ ಡೌನ್ ಸಿಂಡ್ರೋಮ್ ಇರುವ ಬೆಲ್ಜಿಯಂನ ಪಾಸ್ಕಲ್ ಡುಕೆನ್ ತಮ್ಮ ಸಹನಟನ ಜೊತೆ ಅತ್ಯುತ್ತಮ ನಟ ಪ್ರಶಸ್ತಿ ಹಂಚಿಕೊಂಡರು. ಪ್ರತಿಭೆ ಸಿಗುವುದಿಲ್ಲ ಅನ್ನುವುದು ಕುಂಟುನೆಪ. (ನೋಡಿ, ನಾನೇ ಬಳಸಿಬಿಟ್ಟೆ. ಮುಂದಿನ ಪ್ರಶ್ನೆಗೆ ಬರೋಣ.)

ಯಾವ ಪದ ಬಳಸಬೇಕು? ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ... ತಲೆ ಕೆಡುತ್ತೆ.

ಎದುರಿಗಿರುವವರನ್ನು ಕೇಳಿ. ಇದಕ್ಕಿಂತ ಸುಲಭದ ದಾರಿ ನನಗೆ ಗೊತ್ತಿಲ್ಲ. 'ದಿವ್ಯಾಂಗ' ಪದವನ್ನು ಭಾರತ ಸರ್ಕಾರ ತಂದಾಗ ಹಲವು ಅಂಗವಿಕಲರ ಸಂಘಟನೆಗಳೇ ವಿರೋಧಿಸಿದವು. ನಮ್ಮಲ್ಲಿ ದೈವಿಕವಾದದ್ದು ಏನೂ ಇಲ್ಲ, ಹಕ್ಕು ಕೊಡಿ ಸಾಕು ಎಂದವು. 'ವಿಶೇಷ' ಅನ್ನುವುದೂ ಕೆಲವರಿಗೆ ಹಿಡಿಸುವುದಿಲ್ಲ. ಪದ ಎಷ್ಟು ಸಿಹಿಯಾದರೆ ಅಷ್ಟು ದೂರ ಇಟ್ಟ ಹಾಗೆ ಅನ್ನುತ್ತಾರೆ. ಇನ್ನು ಸನ್ನೆ ಭಾಷೆ ಬಳಸುವ ಅನೇಕರು 'ನಾವು ಕಿವುಡರು' ಎಂದೇ ನೇರವಾಗಿ ಹೇಳಿಕೊಳ್ಳುತ್ತಾರೆ. ಅವರಿಗೆ ಅದು ಒಂದು ಭಾಷೆಯ, ಒಂದು ಬಳಗದ ಹೆಸರು.

ಚಿತ್ರಕಥೆ ಬರೆಯುವವರು ಇದಕ್ಕಿಂತ ಜಾಸ್ತಿ ಗಮನ ಕೊಡಬೇಕಾದದ್ದು ಮಾತಿನ ಮಧ್ಯೆ ಗೊತ್ತಿಲ್ಲದೆ ನುಸುಳುವ ಪದಗಳಿಗೆ. ಕುಂಟುನೆಪ, ಜಾಣಕಿವುಡು, ಕುರುಡುನಂಬಿಕೆ. ಒಂದೊಂದರಲ್ಲೂ ಯಾರದೋ ದೇಹ ಬೈಗುಳವಾಗಿದೆ. ಇವನ್ನೆಲ್ಲ ನಿಷೇಧಿಸಬೇಕು ಅಂತ ನಾನು ಹೇಳುವುದಿಲ್ಲ, ಭಾಷೆ ಹಾಗೆ ಆದೇಶಕ್ಕೆ ಬಗ್ಗುವುದೂ ಇಲ್ಲ. ಆದರೆ ಬರೆದ ಮೇಲೆ ಒಮ್ಮೆ ಓದಿ ನೋಡಿ. 'ಸುಳ್ಳುನೆಪ' ಅಂದರೂ ಅರ್ಥ ಕೆಡುವುದಿಲ್ಲ.

ಹಾಗಾದ್ರೆ ತಮಾಷೆ ಮಾಡುವ ಹಾಗೇ ಇಲ್ವಾ?

ಧಾರಾಳವಾಗಿ ಮಾಡಬಹುದು. ಭಾರತದ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಒಂದು ಸಿನಿಮಾದ ಮೇಲಿನ ಪ್ರಕರಣದಲ್ಲಿ ಈ ಗೆರೆಯನ್ನು ಚೆನ್ನಾಗಿ ಎಳೆಯಿತು. ಅಂಗವಿಕಲತೆಯನ್ನು ಅರ್ಥ ಮಾಡಿಸುವ ಹಾಸ್ಯ ಬೇರೆ, ಅಂಗವಿಕಲರನ್ನು ಕುಗ್ಗಿಸುವ ಹಾಸ್ಯ ಬೇರೆ ಎಂದಿತು. ನಾನು ನೋಡಿದ ಮಟ್ಟಿಗೆ ಈ ವಿಷಯದಲ್ಲಿ ಅತಿ ಚೂಪಾದ ಜೋಕುಗಳು ಅಂಗವಿಕಲರವೇ. ಅವುಗಳಲ್ಲಿ ನಗೆಗೀಡಾಗುವವರು ಬೇರೆ ಯಾರೂ ಅಲ್ಲ, ತಲೆ ಸವರಲು ಬರುವ ನಾವು.

ಕಥೆ ಯಾರು ಹೇಳಬೇಕು? ಅನುಭವ ಇಲ್ಲದವರು ಕೈಹಾಕಲೇಬಾರದಾ?

'ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ' ಎಂಬುದು ಲೋಕದ ಎಲ್ಲ ಕಡೆ ಅಂಗವಿಕಲರ ಚಳವಳಿಯ ಘೋಷಣೆ. 1990ರ ದಶಕದಲ್ಲಿ ದಕ್ಷಿಣ ಆಫ್ರಿಕಾದ ಹೋರಾಟಗಾರರ ಬಾಯಲ್ಲಿ ಇದು ಜೋರಾಗಿ ಕೇಳಿಬಂತು. ಸಿನಿಮಾಕ್ಕೆ ಇದನ್ನು ಅನ್ವಯಿಸಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ.

ಅಮೆರಿಕದ ರೀಡ್ ಡೇವನ್‌ಪೋರ್ಟ್ ಅವರಿಗೆ ಸೆರೆಬ್ರಲ್ ಪಾಲ್ಸಿ (ಮೈಯ ಚಲನೆಯ ಹಿಡಿತ ತಪ್ಪಿಸುವ ಸ್ಥಿತಿ) ಇದೆ. 2022ರಲ್ಲಿ ಬಂದ ತಮ್ಮ ಸಾಕ್ಷ್ಯಚಿತ್ರವನ್ನು ಹೆಚ್ಚಾಗಿ ತಮ್ಮ ವೀಲ್‌ಚೇರ್ ಮೇಲಿಂದಲೇ ಚಿತ್ರಿಸಿದರು. ಪ್ರೇಕ್ಷಕರು ಅವರನ್ನು ನೋಡುತ್ತಾ ಕೂರುವುದಿಲ್ಲ. ಅವರು ನೋಡುವುದನ್ನು ನೋಡುತ್ತಾರೆ. ಓಡುವ ಫುಟ್‌ಪಾತಿನ ಗೆರೆಗಳು, ಗೋಡೆಯ ಮೇಲಿನ ನೆರಳು, ರ್‍ಯಾಂಪಿಗೆ ಅಡ್ಡವಾಗಿ ಬಿದ್ದಿರುವ ವೈರು. 'ಸಹಾಯ ಬೇಕಾ?' ಎಂದು ಬಗ್ಗುವ ಅಪರಿಚಿತರ ಮುಖ ನೇರ ನಮ್ಮ ಮುಖಕ್ಕೇ ಬರುತ್ತದೆ. ಅವರ ಮನೆಯ ಹೊರಗೆ ಒಂದು ಸರ್ಕಸ್ ಡೇರೆ ಎದ್ದಿತ್ತು. ಹಿಂದೆ ಅಂಗವಿಕಲರನ್ನು ಟಿಕೆಟ್ ಇಟ್ಟು ತೋರಿಸುತ್ತಿದ್ದ ಪ್ರದರ್ಶನಗಳ ನೆನಪು ಅಲ್ಲಿಂದ ಬಿಚ್ಚಿಕೊಳ್ಳುತ್ತದೆ. ಹೊರಗಿನವರು ಇದನ್ನು ತೆಗೆದಿದ್ದರೆ ಏನು ತೋರಿಸುತ್ತಿದ್ದರು ಅಂತ ನನಗೆ ಗೊತ್ತು: ಮೊದಲ ಶಾಟ್ ಚಕ್ರ, ಎರಡನೆಯ ಶಾಟ್ ನಡುಗುವ ಕೈ, ಹಿನ್ನೆಲೆಯಲ್ಲಿ ಕೊಳಲು.

ಹಾಗಂತ ಹೊರಗಿನವರಿಂದ ಆಗುವುದೇ ಇಲ್ಲ ಅನ್ನಲಾರೆ. ಇರಾನಿನ ಕವಯಿತ್ರಿ ಫರೂಗ್ ಫರೋಖ್‌ಜಾದ್ ಕುಷ್ಠರೋಗಿಗಳ ಆಶ್ರಮವೊಂದರಲ್ಲಿ ಕೆಲವು ದಿನ ಇದ್ದು ಸುಮಾರು ಇಪ್ಪತ್ತು ನಿಮಿಷದ ಚಿತ್ರ ಮಾಡಿದರು. ಬಿಡುಗಡೆಯಾದದ್ದು 1963ರಲ್ಲಿ. ಅದರಲ್ಲಿ ಒಂದು ತರಗತಿ ಇದೆ. ಮೇಷ್ಟ್ರು ಒಬ್ಬ ಹುಡುಗನಿಗೆ ನಾಲ್ಕು ಸುಂದರ ವಸ್ತುಗಳ ಹೆಸರು ಹೇಳು ಎನ್ನುತ್ತಾರೆ. ಚಂದ್ರ, ಸೂರ್ಯ, ಹೂವು, ಆಟ ಎನ್ನುತ್ತಾನೆ. ಇನ್ನೊಬ್ಬನಿಗೆ ಕೊಳಕು ವಸ್ತುಗಳ ಹೆಸರು ಹೇಳು ಎನ್ನುತ್ತಾರೆ. ಅವನು ಹೇಳುತ್ತಾನೆ: ಕೈ, ಕಾಲು, ತಲೆ. ಹೇಳಿ ನಗುತ್ತಾನೆ, ಇಡೀ ತರಗತಿ ನಗುತ್ತದೆ. ಆ ನಗುವನ್ನು ಆಕೆ ಹಾಗೇ ಬಿಟ್ಟಿದ್ದಾರೆ. ಮೇಲೆ ಸಂಗೀತ ಸುರಿದಿಲ್ಲ.

ಕಣ್ಣಿಗೆ ಬಟ್ಟೆ ಕಟ್ಟಿ ನಡೆಸುವ ಕಾರ್ಯಕ್ರಮ ಮಾಡಿದರೆ ಜನರಿಗೆ ಅರ್ಥ ಆಗುತ್ತೆ ಅಲ್ವಾ?

ಅರ್ಥವಾಗುವುದು ಭಯ. ಬಟ್ಟೆ ಕಟ್ಟಿಕೊಂಡವರಿಗೆ ಗೊತ್ತಾಗುವುದು ಕಣ್ಣು ಹೋದ ಮೊದಲ ಹತ್ತು ನಿಮಿಷ ಹೇಗಿರುತ್ತದೆ ಅಂತ. ಹತ್ತು ವರ್ಷ ಕೋಲು ಹಿಡಿದು ಓಡಾಡಿದವರ ಚಾಕಚಕ್ಯತೆ ಅದರಲ್ಲಿ ಸಿಗುವುದಿಲ್ಲ. ಈ ಬಗ್ಗೆ ಪ್ರಯೋಗಗಳೂ ನಡೆದಿವೆ. ಬಟ್ಟೆ ಕಟ್ಟಿಕೊಂಡು ನಡೆದವರು ಆಮೇಲೆ ಅಂಧರನ್ನು ಇನ್ನೂ ಕಡಿಮೆ ಸಮರ್ಥರು ಎಂದು ಅಂದಾಜು ಮಾಡಿದರು. ಸಿನಿಮಾದಲ್ಲೂ ಅಷ್ಟೇ. ತೆರೆಯನ್ನು ಮಸುಕು ಮಾಡಿ 'ಇವರಿಗೆ ಹೀಗೆ ಕಾಣುತ್ತದೆ' ಎಂದು ತೋರಿಸುವ ಮುಂಚೆ ಯೋಚಿಸಿ.

ನಾನೇ ಒಂದು ಕಿರುಚಿತ್ರ ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಕ್ಯಾಮೆರಾ ಇಳಿಸುವುದರಿಂದ. ಗಾಲಿಕುರ್ಚಿಯಲ್ಲಿ ಕೂತವರನ್ನು ನಿಂತವರ ಕಣ್ಣಿನ ಎತ್ತರದಿಂದ ಚಿತ್ರಿಸಿದರೆ ಪ್ರತಿ ಫ್ರೇಮಿನಲ್ಲೂ ಅವರು ಮೇಲೆ ನೋಡಿ ಬೇಡುತ್ತಿರುವ ಹಾಗೆ ಕಾಣುತ್ತಾರೆ. ಕ್ಯಾಮೆರಾ ಅವರ ಕಣ್ಣಿನ ಮಟ್ಟಕ್ಕೆ ಬರಲಿ. ಆಗ ನಿಂತವರ ತಲೆ ಫ್ರೇಮಿನಿಂದ ಹೊರಗೆ ಹೋಗುತ್ತದೆ. ಹೋಗಲಿ ಬಿಡಿ.

ಕಿವುಡರ ಸಂದರ್ಶನ ಮಾಡುವಾಗ ದುಭಾಷಿಯನ್ನು ನೋಡಬೇಡಿ. ಪ್ರಶ್ನೆ ಕೇಳುವುದೂ ಅವರನ್ನೇ ನೋಡಿ, 'ನೀವು' ಎಂದು. 'ಅವರಿಗೆ ಏನನ್ನಿಸಿತು ಕೇಳಿ' ಅಂದರೆ ಅದೇ ಕೌಂಟರಿನವನ ಚಿಲ್ಲರೆ ಕಥೆ. ಇನ್ನು ಸನ್ನೆ ಮಾಡುವ ಕೈಗಳನ್ನು ಕ್ಲೋಸ್‌ಅಪ್ ಆಸೆಗೆ ಕತ್ತರಿಸಬೇಡಿ. ಕೈ ಫ್ರೇಮಿನಾಚೆ ಹೋದರೆ ಮಾತಿನ ಮಧ್ಯೆ ಮೈಕ್ ಆಫ್ ಮಾಡಿದ ಹಾಗೆ. ಮುಖವೂ ಬೇಕು, ಯಾಕಂದ್ರೆ ಹುಬ್ಬು ಏರಿಸುವುದೂ ವ್ಯಾಕರಣವೇ.

ಮಾತು ನಿಧಾನ ಇರುವವರ ಮಾತನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿ ಚುರುಕು ಮಾಡುವ ಚಪಲ ಎಲ್ಲರಿಗೂ ಬರುತ್ತದೆ. ಒಂದೆರಡು ಕಡೆಯಾದರೂ ಪೂರ್ತಿ ಬಿಡಿ. ಪ್ರೇಕ್ಷಕರು ಕಾಯುವುದನ್ನು ಕಲಿಯಲಿ. ದುಡ್ಡಿನ ವಿಷಯ: ಬೇರೆ ನಟರಿಗೆ, ಸಲಹೆಗಾರರಿಗೆ ಕೊಡುತ್ತೀರಿ ಅಂದ್ರೆ ಅಂಗವಿಕಲ ಸಲಹೆಗಾರರಿಗೂ ಕೊಡಿ. 'ನಿಮ್ಮದೇ ಕಥೆ ಅಲ್ವಾ' ಎಂದು ಬಿಟ್ಟಿ ಕೆಲಸ ಮಾಡಿಸಬೇಡಿ. ಅವರನ್ನು ಕರೆಯುವುದೂ ಮೊದಲ ಕರಡಿಗೇ ಆಗಲಿ. ಚಿತ್ರೀಕರಣ ಮುಗಿದ ಮೇಲೆ ತೋರಿಸಿ 'ಸರಿ ಇದೆಯಾ?' ಅಂದ್ರೆ ಅವರು ತಾನೇ ಏನು ಹೇಳಬೇಕು?

ನನ್ನ ಮಗನಿಗೆ ಆಟಿಸಂ ಇದೆ. ಅವನ ವಿಡಿಯೊಗಳನ್ನು ಹಾಕಿ ಜಾಗೃತಿ ಮೂಡಿಸುತ್ತೇನೆ. ಅದು ಒಳ್ಳೆಯದೇ ತಾನೇ?

ಈ ಪ್ರಶ್ನೆ ಬಾಗಿಲ ಹತ್ತಿರ ಬರುವಂಥದ್ದು. ಒಬ್ಬಂಟಿಯಾಗಿ ಒದ್ದಾಡುವ ಇನ್ನೊಬ್ಬ ತಾಯಿಗೆ ನಿಮ್ಮ ವಿಡಿಯೊ ಧೈರ್ಯ ಕೊಟ್ಟಿರಬಹುದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಅವನು ಕಿರುಚಿ ನೆಲಕ್ಕೆ ಬಿದ್ದಾಗ ತೆಗೆದ ವಿಡಿಯೊ ಹಾಕಬೇಡಿ. ಅವನಿಗೆ ಇಪ್ಪತ್ತು ವರ್ಷ ಆದಾಗ ಅದು ಅಲ್ಲೇ ಇರುತ್ತದೆ. ನಿಮ್ಮ ಕಥೆ ಹೇಳಿ, ನಿಮ್ಮ ದಣಿವು, ನಿಮ್ಮ ಸಿಟ್ಟು, ಶಾಲೆ ಹುಡುಕಿದ ಪಾಡು. ಅದು ನಿಮ್ಮದು. ಅವನ ಕಥೆಯನ್ನು ಅವನ ರೀತಿಯಲ್ಲಿ ಅವನು ಹೇಳಲು ಸ್ವಲ್ಪ ಉಳಿಸಿ.

ಕ್ಯಾಪ್ಷನ್, ಆಡಿಯೊ ವಿವರಣೆ ಇವೆಲ್ಲ ಎಷ್ಟು ಮುಖ್ಯ?

ಮೂಕಿ ಚಿತ್ರಗಳ ಕಾಲದಲ್ಲಿ ಕಿವುಡರೂ ಉಳಿದವರೂ ಒಂದೇ ಸಿನಿಮಾವನ್ನು ಒಂದೇ ಥರ ನೋಡುತ್ತಿದ್ದರು. ಮಾತೆಲ್ಲ ಬರಹದ ಫಲಕದಲ್ಲಿ ಬರುತ್ತಿತ್ತು. 1927ರ ನಂತರ ಮಾತಿನ ಸಿನಿಮಾ ಬಂತು, ಲೋಕವೆಲ್ಲ ಕುಣಿಯಿತು, ಕಿವುಡರಿಗೆ ಮಾತ್ರ ಥಿಯೇಟರಿನ ಬಾಗಿಲು ಮುಚ್ಚಿತು. ಸಿನಿಮಾ ಇತಿಹಾಸದ ಪುಸ್ತಕಗಳಲ್ಲಿ ಇದು ಪ್ರಗತಿಯ ಅಧ್ಯಾಯ! ಕ್ಯೂಬಾದಲ್ಲಿ ಹುಟ್ಟಿದ ಕಿವುಡ ನಟ ಎಮರ್ಸನ್ ರೊಮೆರೊ ಮೂಕಿ ಚಿತ್ರಗಳಲ್ಲಿ ನಟಿಸುತ್ತಿದ್ದವರು. 1947ರಲ್ಲಿ ಅವರು ಮಾತಿನ ಸಿನಿಮಾದ ರೀಲುಗಳನ್ನು ಕತ್ತರಿಸಿ, ದೃಶ್ಯಗಳ ನಡುವೆ ಬರಹದ ಫಲಕ ಅಂಟಿಸಿ, ಕಿವುಡರಿಗಾಗಿ ತಾವೇ ಹಂಚಿದರು.

ಒಳ್ಳೆಯ ಕ್ಯಾಪ್ಷನ್ ಬರೆಯುವುದೂ ಕಥೆ ಹೇಳುವ ಕೆಲಸವೇ. '[ಸದ್ದು]' ಎಂದು ಬರೆದರೆ ಏನೂ ತಿಳಿಯುವುದಿಲ್ಲ. '[ಮೆಟ್ಟಿಲ ಮೇಲೆ ಯಾರೋ ಕಾಲೆಳೆದುಕೊಂಡು ಬರುವ ಸದ್ದು]' ಎಂದರೆ ಮೈ ಜುಮ್ಮೆನ್ನುತ್ತದೆ. ಆಡಿಯೊ ವಿವರಣೆ ಅಂದ್ರೆ ತೆರೆಯ ಮೇಲೆ ಆಗುವುದನ್ನು ಕಣ್ಣು ಕಾಣದವರಿಗೆ ಮಾತಿನಲ್ಲಿ ಹೇಳುವುದು; ಅದರಲ್ಲಿ ಇದಕ್ಕೆ ಉಲ್ಟಾ ಜಾಗ್ರತೆ ಬೇಕು. 'ಅವಳು ಮೋಸಹೋದ ನೋವಿನಲ್ಲಿ ನೋಡುತ್ತಾಳೆ' ಅನ್ನಬಾರದು. 'ಪತ್ರ ಮಡಚುತ್ತಾಳೆ. ತಟ್ಟೆಯ ಕೆಳಗೆ ಸರಿಸುತ್ತಾಳೆ' ಅಂದರೆ ಸಾಕು. ನೋವು ಯಾವುದು ಅಂತ ಕೇಳುವವರು ತಾವೇ ಕಂಡುಕೊಳ್ಳುತ್ತಾರೆ.

ಇದಕ್ಕೆಲ್ಲ ಕಾನೂನಿನ ಬಲ ಇದೆಯಾ?

ಇದೆ. ವಿಶ್ವಸಂಸ್ಥೆ 2006ರಲ್ಲಿ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು, 2008ರಲ್ಲಿ ಜಾರಿಗೆ ಬಂತು. ಅದರ 8ನೇ ವಿಧಿ ತಪ್ಪು ಕಲ್ಪನೆಗಳ ವಿರುದ್ಧ ಕೆಲಸ ಮಾಡಬೇಕು, ಮಾಧ್ಯಮಗಳನ್ನು ಸರಿಯಾದ ಚಿತ್ರಣಕ್ಕೆ ಪ್ರೋತ್ಸಾಹಿಸಬೇಕು ಎನ್ನುತ್ತದೆ. 30ನೇ ವಿಧಿ ಸಿನಿಮಾ, ಟಿವಿ, ನಾಟಕ ಎಲ್ಲರಿಗೂ ತಲುಪುವ ರೂಪದಲ್ಲಿ ಸಿಗಬೇಕು ಎನ್ನುತ್ತದೆ. ಕಾಗದದ ಮೇಲೆ ಚೆನ್ನಾಗಿದೆ.

ಇಂಥ ಸಿನಿಮಾಗಳು ಎಲ್ಲಿ ಸಿಗುತ್ತವೆ?

ಇದಕ್ಕಾಗಿಯೇ ಉತ್ಸವಗಳಿವೆ. ಅಮೆರಿಕದ 'ಸೂಪರ್‌ಫೆಸ್ಟ್' 1970ರಿಂದ ಇದೆ. ನ್ಯೂಯಾರ್ಕಿನ 'ರೀಲ್‌ಅಬಿಲಿಟೀಸ್' 2007ರಲ್ಲಿ ಶುರುವಾಯಿತು. ನನಗೆ ಇಷ್ಟವಾದದ್ದು ಬ್ರಿಟನ್ನಿನ ಬ್ರೈಟನ್‌ನಲ್ಲಿ 2004ರಿಂದ ನಡೆಯುವ 'ಆಸ್ಕಾ ಬ್ರೈಟ್'. ಕಲಿಕೆಯ ತೊಡಕು ಇರುವವರೇ ಸಿನಿಮಾ ಆಯ್ಕೆ ಮಾಡುತ್ತಾರೆ, ಅವರೇ ವೇದಿಕೆ ನಡೆಸುತ್ತಾರೆ.

ನಾವೂ ಒಂದು ಪ್ರದರ್ಶನ ಇಟ್ಟುಕೊಳ್ಳಬೇಕು. ಏನು ಗಮನಿಸಬೇಕು?

ನನ್ನ ಎಡವಟ್ಟಿನಿಂದಲೇ ಶುರು ಮಾಡುತ್ತೇನೆ. ನಾನು ಸೇರಿಕೊಂಡು ಮಾಡಿದ ಮೊದಲ ಪ್ರದರ್ಶನ ಗಾಲಿಕುರ್ಚಿ ಬಳಸುವವರ ಬದುಕಿನ ಮೇಲಿನ ಚಿತ್ರ. ಸಭಾಂಗಣ ಮೊದಲ ಮಹಡಿಯಲ್ಲಿ. ಲಿಫ್ಟ್ ಇದೆ ಎಂದಿದ್ದರು, ಹೋಗಿ ನೋಡಿದರೆ ಅದು ರಿಪೇರಿಯಲ್ಲಿತ್ತು. ಹಿಂದಿನ ದಿನ ಹೋಗಿ ನೋಡುವ ಬುದ್ಧಿ ನನಗೆ ಬರಲಿಲ್ಲ. ಅತಿಥಿಯಾಗಿ ಬಂದಿದ್ದ ಹೆಂಗಸನ್ನು ನಾಲ್ಕು ಹುಡುಗರು ಕುರ್ಚಿ ಸಮೇತ ಹೊತ್ತು ಮೇಲೆ ತಂದರು. ಬಾಗಿಲಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು, ಒಬ್ಬರು ಫೋಟೊ ತೆಗೆದರು. ಅವರು ಮೈಕ್ ತೆಗೆದುಕೊಂಡು ಹೇಳಿದ್ದು ಎರಡೇ ವಾಕ್ಯ. 'ನನ್ನನ್ನು ಹೊತ್ತವರಿಗೆ ಚಪ್ಪಾಳೆ ಹೊಡೆದಿರಿ. ಲಿಫ್ಟ್ ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ.' ಆಮೇಲೆ ಸಿನಿಮಾ ಶುರುವಾಯಿತು. ನನಗೆ ಒಂದು ದೃಶ್ಯವೂ ನೆನಪಿಲ್ಲ.

ಈಗ ಹಿಂದಿನ ದಿನವೇ ಅಳತೆ ಟೇಪು ಹಿಡಿದು ಹೋಗುತ್ತೇನೆ. ಬಾಗಿಲ ಅಗಲ, ಟಾಯ್ಲೆಟ್ ಬಾಗಿಲ ಅಗಲ (ಇದನ್ನು ಎಲ್ಲರೂ ಮರೆಯುತ್ತಾರೆ), ವೇದಿಕೆಗೆ ಹತ್ತುವ ದಾರಿ. ದುಭಾಷಿ ನಿಲ್ಲುವ ಕಡೆ ಬೆಳಕು, ದೀಪ ಆರಿದ ಮೇಲೂ. ಸದ್ದು ಜಾಸ್ತಿ ತಡೆಯಲಾಗದವರಿಗೆ ಹೊರಗೆ ಒಂದು ಶಾಂತ ಕೋಣೆ. ಎದ್ದು ಓಡಾಡಿದರೆ, ಸದ್ದು ಮಾಡಿದರೆ ಪರವಾಗಿಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಸಂವಾದಕ್ಕೆ ವೈದ್ಯರನ್ನು ಕರೆಯುವ ಅಭ್ಯಾಸ ಬಿಟ್ಟಿದ್ದೇವೆ. ಬಂದ ಕೂಡಲೇ ಮಾತು ಕಾಯಿಲೆ, ಚಿಕಿತ್ಸೆ ಕಡೆಗೆ ತಿರುಗುತ್ತದೆ.

ಕೆಟ್ಟದಾಗಿ ತೋರಿಸಿದ ಸಿನಿಮಾವನ್ನು ಬಹಿಷ್ಕರಿಸಬೇಕಾ?

ಬಹಿಷ್ಕಾರಕ್ಕಿಂತ ಪ್ರಶ್ನೆ ಕೇಳುವುದು ಜಾಸ್ತಿ ದೂರ ಹೋಗುತ್ತದೆ. 2016ರಲ್ಲಿ ಒಂದು ಪ್ರೇಮಕಥೆಯ ಸಿನಿಮಾ ಬಂತು. ಅಪಘಾತದಲ್ಲಿ ಕೈಕಾಲು ಸ್ವಾಧೀನ ಕಳೆದುಕೊಂಡ ಶ್ರೀಮಂತ ನಾಯಕ, ಪ್ರೀತಿಸುವ ಹುಡುಗಿ ಇದ್ದರೂ ಸಾವನ್ನೇ ಆರಿಸಿಕೊಳ್ಳುತ್ತಾನೆ. ಲಂಡನ್ನಿನಲ್ಲಿ ಮೊದಲ ಪ್ರದರ್ಶನದ ದಿನ ಗಾಲಿಕುರ್ಚಿಯವರು ಥಿಯೇಟರಿನ ಮುಂದೆ ಸೇರಿದರು. ಅವರು ಕೇಳಿದ್ದು ಇಷ್ಟೇ: ನಮ್ಮ ಬದುಕು ಬದುಕುವುದಕ್ಕಿಂತ ಸಾಯುವುದೇ ವಾಸಿ ಅಂತ ನಿಮಗೆ ಯಾರು ಹೇಳಿದರು? ಸಿನಿಮಾ ಓಡಿತು. ಆದರೆ ವಿಮರ್ಶೆಗಳಲ್ಲಿ ಆ ಪ್ರಶ್ನೆಯೂ ಓಡಿತು.

ನಾನು ಬರೀ ಪ್ರೇಕ್ಷಕ. ನನ್ನಿಂದ ಏನಾಗುತ್ತೆ?

ಮುಂದಿನ ಸಲ ಥಿಯೇಟರಿಗೆ ಹೋದಾಗ ಗಾಲಿಕುರ್ಚಿಯ ಜಾಗ ಎಲ್ಲಿದೆ ನೋಡಿ. ಬಹಳ ಕಡೆ ಅದು ಮೊದಲ ಸಾಲಿನ ಮೂಲೆಯಲ್ಲಿ ಇರುತ್ತದೆ, ಕತ್ತು ನೋಯುವಷ್ಟು ತೆರೆಗೆ ಹತ್ತಿರ. ಪಕ್ಕದಲ್ಲಿ ಸ್ನೇಹಿತರು ಕೂರಲು ಸೀಟೂ ಇರುವುದಿಲ್ಲ. ಒಂದು ಸಲ ಆ ಮೂಲೆಯಲ್ಲಿ ಕೂತು ಪೂರ್ತಿ ಸಿನಿಮಾ ನೋಡಿ. ಎದ್ದ ಮೇಲೆ ಕತ್ತು ಉಜ್ಜಿಕೊಳ್ಳುತ್ತಾ ಮ್ಯಾನೇಜರ್ ಹತ್ತಿರ ಹೋಗಿ, ಈ ಜಾಗ ಇಲ್ಲಿ ಇರಲಿ ಅಂತ ಯಾರು ತೀರ್ಮಾನಿಸಿದ್ದು ಅಂತ ಕೇಳಿ.